ಕೆಮ್ಮೋದು ಫಿಯೆಟ್, ಬೈಸಿಕೊಳ್ಳೋದು ಕಾರ್ಬೊರೇಟರ್!

ಪುಟ್ಟೇನಹಳ್ಳಿ: ಬೆಳಗಿನ ಒಂಬತ್ತು ಗಂಟೆ. ಕೆರೆ ಪಕ್ಕದ ರಸ್ತೆಯಲ್ಲಿ ಹಳೇ ಫಿಯೆಟ್ ಒಂದು ಎರಡು ಸಲ ಕೆಮ್ಮಿ ನಿಂತಿತು ಅಂತಿಟ್ಟುಕೊಳ್ಳಿ. ಹಿಂದೆ ಬಿಎಂಟಿಸಿ ಬಸ್ಸು, ಅದರ ಹಿಂದೆ ಆಟೋಗಳ ಸಾಲು. ಕಿಟಕಿಯಿಂದ ತಲೆ ಹಾಕಿದವರೆಲ್ಲ ಮೆಕ್ಯಾನಿಕ್ಕುಗಳೇ. "ಕಾರ್ಬೊರೇಟರ್ ಹೋಗಿದೆ ಸ್ವಾಮಿ, ಬಿಚ್ಚಿಸಿ!"

ಬಿಚ್ಚುವ ಮುಂಚೆ ಸ್ವಲ್ಪ ತಾಳಿ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಉಣಿಸುವುದಷ್ಟೇ ಅದರ ಕೆಲಸ. ಪಂಪಿನಿಂದ ಪೆಟ್ರೋಲೇ ಬಾರದಿದ್ದರೆ, ಪ್ಲಗ್ಗಿನಲ್ಲಿ ಕಿಡಿಯೇ ಹಾರದಿದ್ದರೆ ಅದೇನು ಮಾಡೀತು? ಪಾಯಿಂಟು ಸುಟ್ಟಿದ್ದಕ್ಕೆ ಕಾರ್ಬೊರೇಟರ್ ಬಿಚ್ಚಿಸಿದರೆ ದುಡ್ಡೂ ದಂಡ, ದಿನವೂ ದಂಡ.

ಹೊಗೆ ಹೇಳುವ ಗುಟ್ಟು

ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಮಸಿ ಹಿಡಿದ ಪ್ಲಗ್ಗು. ಮೂರೂ ಕಂಡರೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ ಅಂತ ಅರ್ಥ. ಎಳೆದ ಚೋಕ್ ವಾಪಸ್ ಹೋಗಿದೆಯಾ, ಏರ್ ಫಿಲ್ಟರಿನಲ್ಲಿ ಧೂಳು ಕಟ್ಟಿದೆಯಾ ನೋಡಿ. ಆಮೇಲೆ ಒಳಗಿನ ಫ್ಲೋಟ್ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿ. ಗುಳುಗುಳು ಅಂದರೆ ತೂತಾಗಿದೆ.

ಐಡ್ಲಿಂಗ್ ನಿಲ್ಲದಿದ್ದರೆ ಸ್ಲೋ ಜೆಟ್ಟಿನಲ್ಲಿ ಕಸ ಇರಬಹುದು. ಆಕ್ಸಿಲರೇಟರ್ ಒತ್ತಿದಾಗ ಉಸಿರು ಕಟ್ಟಿದರೆ ಮೇನ್ ಜೆಟ್ ಮೇಲೆ ಅನುಮಾನ. ಗಾಳಿ ಊದಿ ಕ್ಲೀನ್ ಮಾಡಿ. ಪಿನ್ನು, ತಂತಿ ಬೇಡವೇ ಬೇಡ. ಆ ತೂತು ಕೂದಲೆಳೆಯಷ್ಟು ದೊಡ್ಡದಾದರೂ ಪೆಟ್ರೋಲಿನ ಲೆಕ್ಕವೇ ತಪ್ಪುತ್ತೆ.

ಬೇಸಿಗೆಯ ಟ್ರಾಫಿಕ್ಕಿನಲ್ಲಿ ನಿಂತರೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿರಲೂಬಹುದು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಒಂದು ಕಾಫಿ ಕುಡಿದು ಬನ್ನಿ.

ಹೊಸ ಪೆಟ್ರೋಲಿನ ಹೊಸ ತಂಟೆ

ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. ಈಗಿನ ಕಾರಿನ ಕಂಪ್ಯೂಟರು ಅದಕ್ಕೆ ತಕ್ಕಂತೆ ಪೆಟ್ರೋಲ್ ಹೊಂದಿಸಿಕೊಳ್ಳುತ್ತೆ. ಕಾರ್ಬೊರೇಟರಿಗೆ ಆ ಬುದ್ಧಿ ಎಲ್ಲಿಂದ ಬರಬೇಕು? ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತೆ, ಟ್ಯಾಂಕಿನಲ್ಲಿ ಕೂತ ಹಳೇ ಗಸಿಯನ್ನೂ ಸಡಿಲಿಸುತ್ತೆ. ಅದೇ ಬಂದು ಜೆಟ್ಟಿಗೆ ಅಡ್ಡ ಕೂರುತ್ತೆ.

ನಿಜವಾಗಿ ಹೆದರಬೇಕಾದ್ದು ರಬ್ಬರಿಗೆ. ಹಳೇ ಪೈಪು, ಪಂಪಿನ ಡಯಾಫ್ರಮ್ ಉಬ್ಬಿ ಮೆತ್ತಗಾಗಿ ಸೀಳುತ್ತವೆ. ಜಿನುಗಿದ ಪೆಟ್ರೋಲ್ ಕಾದ ಎಂಜಿನ್ ಮೇಲೆ ಬಿದ್ದರೆ ಬೆಂಕಿಗೆ ಇನ್ನೇನು ಬೇಕು? ಜೆ.ಸಿ. ರಸ್ತೆಯ ಅಂಗಡಿಗೆ ಹೋದಾಗ "ಎಥನಾಲ್ ತಡೆಯೋ ಪೈಪು ಕೊಡಿ" ಅಂತ ಬಾಯಿಬಿಟ್ಟು ಕೇಳಿ. ಪ್ರೀಮಿಯರ್ ಪದ್ಮಿನಿ ತಯಾರಿಕೆ ನಿಂತು ಎರಡು ದಶಕ ದಾಟಿತು, ಅಂಬಾಸಡರ್ 2014ರಲ್ಲಿ ನಿಂತಿತು. ಗಾಡಿ ಹೋದರೆ ಹೊಸದು ಸಿಗೋಲ್ಲ.

ಇನ್ನೊಂದು ಮಾತು. ಸ್ಟಾರ್ಟ್ ಆಗಲಿಲ್ಲವೆಂದು ಕಾರ್ಬೊರೇಟರಿನ ಬಾಯಿಗೆ ಪೆಟ್ರೋಲ್ ಸುರಿದು ಸೆಲ್ಫ್ ಹೊಡೆಯುವ ಚಾಳಿ ಬಿಡಿ. ಎಂಜಿನ್ ತಿರುಗಿ ಹೊಡೆದರೆ ಜ್ವಾಲೆ ಮುಖಕ್ಕೇ ಬರುತ್ತೆ.

ಅದಕ್ಕೆ ಬದಲು ಬಸ್ಸಿನಿಂದ ಉಪದೇಶ ಕೊಟ್ಟವರನ್ನೇ ಕೆಳಗೆ ಕರೆಯಿರಿ. ಗಾಡಿ ಪಕ್ಕಕ್ಕೆ ತಳ್ಳೋಕೆ ನಾಲ್ಕು ಕೈ ಸಾಕು!