ಹಾಜರಿ ಕರೆಯುವಾಗ

ಕಪ್ಪು ಹಾಡುಗಾರ್ತಿ ಲಾರಿನ್ ಹಿಲ್‌ಳ ‘ದಿ ಮಿಸ್‌ಎಜುಕೇಶನ್ ಆಫ್ ಲಾರಿನ್ ಹಿಲ್’ 1998ರ ಆಗಸ್ಟ್‌ನಲ್ಲಿ ಹೊರಬಂತು. ಈ ಆಲ್ಬಂ ಶುರುವಾಗೋದು ಹಾಡಿನಿಂದಲ್ಲ, ಶಾಲೆಯ ಗಂಟೆಯಿಂದ. ಮೇಷ್ಟ್ರು ಹಾಜರಿ ಕರೀತಾರೆ, ಮಕ್ಕಳು ಓಗೊಡ್ತಾರೆ. ಲಾರಿನ್ ಹಿಲ್ ಹೆಸರಿಗೆ ಮಾತ್ರ ಉತ್ತರವಿಲ್ಲ. ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಅಮೆರಿಕದ ಹಾಡು ಯಾಕಪ್ಪಾ ಅನ್ನುವವರಿಗೆ ನನ್ನ ಉತ್ತರ ಈ ಮೌನದಲ್ಲೇ ಇದೆ. 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ಸ್ ಅಲ್ಲಿನ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ ಹೆಸರು ಪಡೆದರು. ಕಪ್ಪು ಜನರ ದನಿಗೆ ಕಿವಿಗೊಡುವುದು ನಮಗೆ ಹೊಸದಲ್ಲ.

ಆಲ್ಬಂನ ಹೆಸರಿನ ಹಿಂದೆ ಕಾರ್ಟರ್ ವುಡ್ಸನ್ 1933ರಲ್ಲಿ ಬರೆದ ‘ದಿ ಮಿಸ್-ಎಜುಕೇಶನ್ ಆಫ್ ದಿ ನೀಗ್ರೋ’ ಇದೆ. ಗುಲಾಮರಾಗಿದ್ದ ತಂದೆತಾಯಿಗಳ ಮಗ ವುಡ್ಸನ್, ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಪಡೆದವರು. ಶಾಲೆ ಕಪ್ಪು ಮಗುವಿಗೆ ಅಕ್ಷರದ ಜೊತೆಗೇ ತನ್ನವರ ಬಗ್ಗೆ ಕೀಳರಿಮೆಯನ್ನೂ ಕಲಿಸುತ್ತದೆ ಎಂಬುದು ಅವರ ವಾದ. ಹಾಗಾದರೆ ಶಾಲೆಯನ್ನೇ ಬಿಟ್ಟುಬಿಡೋದಾ? ಶಿಕ್ಷಣವನ್ನೇ ಮೊದಲ ಮೆಟ್ಟಿಲು ಮಾಡಿದ ಅಂಬೇಡ್ಕರ್ ದಾರಿಯವರಾದ ನಮಗೆ ಅದು ಸಲ್ಲದು. ಲಾರಿನ್ ಕೂಡ ಬಿಡುವುದಿಲ್ಲ; ಬೇರೆಯದೇ ಶಾಲೆ ಕಟ್ಟುತ್ತಾಳೆ. ಹಾಡುಗಳ ನಡುವೆ ಕವಿ ರಾಸ್ ಬರಾಕಾ ಮೇಷ್ಟ್ರಾಗಿ ಮಕ್ಕಳನ್ನು ಪ್ರೀತಿಯ ಬಗ್ಗೆ ಮಾತಾಡಿಸುತ್ತಾರೆ. ಗಂಡ ಹೆಂಡತಿ ಮಕ್ಕಳನ್ನು ಬೇರೆ ಬೇರೆಯಾಗಿ ಮಾರಲಾಗಿದ್ದ ಜನಕ್ಕೆ ಪ್ರೀತಿ ಖಾಸಗಿ ಸಂಗತಿಯಲ್ಲ, ಕಸಿದುಕೊಂಡ ಹಕ್ಕು.

ಸೋಲ್, ರೆಗ್ಗೆ, ಹಿಪ್‌ಹಾಪ್‌ಗಳ ‘ಬೆರಕೆ’ ಅಂತ ಇದನ್ನು ಹೊಗಳುವುದುಂಟು. ಬೆರಕೆ ಅನ್ನಬೇಕಾದರೆ ಮೊದಲು ಇವು ಬೇರೆಬೇರೆ ಕುಲ ಅಂತ ಒಪ್ಪಬೇಕಲ್ಲ? ಸಂಗೀತದಲ್ಲೂ ಮಡಿ ನೋಡುವ ಕಣ್ಣು ಅದು. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹಿಪ್‌ಹಾಪ್‌ಗೆ ನಾಂದಿ ಹಾಕಿದ ಡಿಜೆ ಕೂಲ್ ಹರ್ಕ್ ಹುಟ್ಟಿದ್ದು ರೆಗ್ಗೆಯ ನಾಡಾದ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ. ಬೀದಿಯಲ್ಲಿ ದೊಡ್ಡ ಸ್ಪೀಕರ್‌ಗಳನ್ನಿಟ್ಟು ಹಾಡು ಹಾಕುವ ರೂಢಿ ಅಲ್ಲಿಯದು. ಸೋಲ್ ಕಪ್ಪು ಜನರ ಚರ್ಚಿನ ಹಾಡಿನಿಂದ ಬೆಳೆದದ್ದು. ಗುಲಾಮರ ಹಡಗುಗಳು ಬೇರೆ ಬೇರೆ ದಂಡೆಗೆ ಇಳಿಸಿದ ಒಂದೇ ಬಳಗ ಇದು. ಲಾರಿನ್ ಕಿಂಗ್‌ಸ್ಟನ್‌ನ ಟಫ್ ಗಾಂಗ್ ಸ್ಟುಡಿಯೋದಲ್ಲಿ ಕೆಲವು ಹಾಡುಗಳನ್ನು ರೆಕಾರ್ಡ್ ಮಾಡಿದ್ದು ಹಿಪ್‌ಹಾಪ್ ತವರಿಗೆ ಹೋಗಿಬಂದ ಹಾಗೆ. ‘ಫರ್ಗಿವ್ ದೆಮ್ ಫಾದರ್’ ಹಾಡಿನೊಳಗೆ ಬಾಬ್ ಮಾರ್ಲಿಯ ‘ಕಾಂಕ್ರೀಟ್ ಜಂಗಲ್’ ಇಣುಕುತ್ತದೆ.

1999ರಲ್ಲಿ ಲಾರಿನ್‌ಗೆ ಐದು ಗ್ರ್ಯಾಮಿ ಬಂದವು. ವರ್ಷದ ಆಲ್ಬಂ ಪ್ರಶಸ್ತಿ ಹಿಪ್‌ಹಾಪ್‌ಗೆ ಸಿಕ್ಕಿದ್ದು ಅದೇ ಮೊದಲು. ಇಲ್ಲಿಗೆ ನಿಲ್ಲಿಸಿದರೆ ಬರೀ ಭಜನೆಯಾದೀತು. ಜೊತೆಗೆ ದುಡಿದ ವಾಡಾ ನೋಬಲ್ಸ್, ರಶೀಮ್ ಪ್ಯೂ, ಜೊಹಾರಿ ನ್ಯೂಟನ್, ತೇಜುಮೋಲ್ಡ್ ನ್ಯೂಟನ್ ಎಂಬ ನಾಲ್ವರು, ಹಾಡು ಕಟ್ಟಿದ್ದರಲ್ಲಿ ನಮ್ಮ ಪಾಲಿಗೆ ತಕ್ಕ ಹೆಸರು ಕೊಟ್ಟಿಲ್ಲ ಅಂತ 1998ರಲ್ಲೇ ಕೋರ್ಟಿಗೆ ಹೋದರು. 2001ರಲ್ಲಿ ಕೋರ್ಟಿನ ಹೊರಗೆ ರಾಜಿಯಾಯಿತು. ಯಾರದು ಎಷ್ಟು ಅನ್ನುವ ತೀರ್ಪು ಬರಲಿಲ್ಲ.

ಕಪ್ಪು ಹೆಣ್ಣೊಬ್ಬಳು ಇಷ್ಟನ್ನು ತಾನೇ ಮಾಡಿಯಾಳೇ ಅನ್ನುವ ಅನುಮಾನದಲ್ಲಿ ಗಂಡಾಳಿಕೆ ಇದೆ, ಅದನ್ನು ಒಪ್ಪಕೂಡದು. ಹಾಗಂತ ದುಡಿದವರ ಪ್ರಶ್ನೆಯನ್ನೂ ನುಂಗಕೂಡದು. ನಮ್ಮ ಚಳವಳಿಯ ಹಾಡುಗಳಲ್ಲೂ ತಮಟೆ ಬಾರಿಸಿದವರ, ಸೊಲ್ಲು ಕೂಡಿಸಿದವರ ಹೆಸರು ಎಷ್ಟು ಉಳಿದಿವೆ? ವಿಮರ್ಶೆ ಅಂದರೆ ನನ್ನ ಮಟ್ಟಿಗೆ ಹಾಜರಿ ಕರೆಯೋದು. ಓಗೊಟ್ಟವರನ್ನಷ್ಟೇ ಗುರುತು ಹಾಕಿಕೊಂಡು ಪುಸ್ತಕ ಮುಚ್ಚಿದರೆ ನಾವೂ ಆ ಹಳೇ ಶಾಲೆಯ ಮೇಷ್ಟ್ರೇ.