ಕುದುರೆ ಕಾಲು ಕೊಡುವುದು ಯಾವಾಗ?

ಎತ್ತಿಗೆ ಲಾಳ ಕಟ್ಟುವುದನ್ನು ನೋಡಿದವರಿಗೆ ಅದರ ಕ್ರಮ ಗೊತ್ತು. ಹಗ್ಗ ಸುತ್ತಿ ಕೆಡವುತ್ತಾರೆ, ಕಾಲುಗಳನ್ನು ಸೇರಿಸಿ ಬಿಗಿಯುತ್ತಾರೆ, ಸೀಳುಗೊರಸಿಗೆ ಎರಡು ತುಂಡು ಲಾಳ ಬಡಿದು ಎಬ್ಬಿಸಿಬಿಡುತ್ತಾರೆ. ಕುದುರೆಗೆ ಹಾಗೆ ಮಾಡುವುದಿಲ್ಲ. 450 ಕಿಲೋ ತೂಕದ ಪ್ರಾಣಿ ನಿಂತಲ್ಲೇ ನಿಂತು ಕಾಲು ಎತ್ತಿ ಕೊಡಬೇಕು. ಲಾಳದವನು ಅದನ್ನು ತೊಡೆಗಳ ನಡುವೆ ಹಿಡಿದು, ಬಗ್ಗಿ ಕೆಲಸ ಮುಗಿಸಬೇಕು. ಹಾಗಾಗಿ ಗೊರಸಿನ ಆರೈಕೆಯಲ್ಲಿ ಅರ್ಧ ಅಂಗರಚನೆಯ ವಿಷಯ, ಉಳಿದರ್ಧ ಕಲಿಕೆಯ ವಿಷಯ. ಈ ಎರಡನೆಯ ಅರ್ಧವನ್ನು ಮರೆತವರೇ ಒದೆ ತಿನ್ನುವುದು.

ಕುದುರೆ ನಡೆಯುವುದು ಪ್ರತಿ ಕಾಲಿನ ಒಂದೇ ಬೆರಳಿನ ಮೇಲೆ. ಸುಮಾರು 5.5 ಕೋಟಿ ವರ್ಷಗಳ ಹಿಂದೆ ಕಾಡಿನಲ್ಲಿ ಓಡಾಡಿಕೊಂಡಿದ್ದ ಅದರ ಪೂರ್ವಜ ನಾಯಿಯಷ್ಟೇ ಗಾತ್ರದ್ದು. ಮುಂಗಾಲಿಗೆ 4 ಬೆರಳು, ಹಿಂಗಾಲಿಗೆ 3. ಬಯಲಿಗೆ ಬಂದು ಓಟವೇ ಬದುಕಾದ ಮೇಲೆ ಪಕ್ಕದ ಬೆರಳುಗಳು ಕುಗ್ಗುತ್ತ ಹೋಗಿ ನಡುಬೆರಳೊಂದೇ ಉಳಿಯಿತು. ಅದರ ಉಗುರೇ ಗೊರಸು. ನಮ್ಮ ಉಗುರಿನಂತೆ ಅದೂ ಕೆರಾಟಿನ್ ಎಂಬ ಪ್ರೋಟೀನಿನದು. ಮೇಲಿನ ಕೂದಲಂಚಿನಿಂದ ತಿಂಗಳಿಗೆ ಹೆಚ್ಚೆಂದರೆ 1 ಸೆಂಟಿಮೀಟರಿನಷ್ಟು ಕೆಳಕ್ಕೆ ಬೆಳೆಯುತ್ತದೆ. ಮುಂತುದಿಯವರೆಗೆ ಹೊಸದಾಗಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಆ ವರ್ಷದಲ್ಲಿ ಬಂದ ಜ್ವರ, ಬದಲಾದ ಮೇವು, ಪಟ್ಟ ಬಳಲಿಕೆಗಳೆಲ್ಲ ಗೊರಸಿನ ಮೇಲೆ ಅಡ್ಡಗೆರೆಗಳಾಗಿ ಉಳಿದಿರುತ್ತವೆ. ಕುದುರೆ ಮಾರುವವನು ಹೇಳದ ಕತೆಯನ್ನು ಅಲ್ಲಿ ಓದಬಹುದು.

ಗೊರಸಿನ ಒಳಗಿರುವ ಮೂಳೆ ಅಂಗಾಲಿನ ಮೇಲೆ ಕೂತಿದೆ ಎಂದೇ ನೋಡಿದವರು ಭಾವಿಸುತ್ತಾರೆ. ಅಸಲಿಗೆ ಅದು ಗೊರಸಿನ ಗೋಡೆಗೆ ನೇತುಬಿದ್ದಿದೆ. ಮೂಳೆಯ ಕಡೆಯಿಂದ ಸುಮಾರು 600 ಜೀವಂತ ಪದರಗಳು, ಗೋಡೆಯ ಕಡೆಯಿಂದ ಅಷ್ಟೇ ಪದರಗಳು. ಎರಡು ಪುಸ್ತಕಗಳ ಹಾಳೆಗಳನ್ನು ಒಂದರ ನಡುವೆ ಒಂದು ಹೊಗಿಸಿದಂತೆ ಹೆಣೆದುಕೊಂಡಿರುತ್ತವೆ. ಒಂದೊಂದು ಪದರಕ್ಕೂ ನೂರಕ್ಕೂ ಮಿಕ್ಕಿ ಉಪಪದರಗಳು. ಕುದುರೆಯ ಇಡೀ ಭಾರ ಈ ಹಿಡಿತದ ಮೇಲೆ ನಿಂತಿದೆ.

ಈ ಪದರಗಳು ಉರಿಯೂತಕ್ಕೆ ತುತ್ತಾಗಿ ಬಿಟ್ಟುಕೊಳ್ಳುವ ರೋಗ ಲ್ಯಾಮಿನೈಟಿಸ್. ಹಿಡಿತ ಸಡಿಲಿದ ಮೂಳೆ ಕೆಳಮುಖವಾಗಿ ತಿರುಗಿ ಅಂಗಾಲನ್ನೇ ಒತ್ತುತ್ತದೆ. 1973ರಲ್ಲಿ ಅಮೆರಿಕದ ಟ್ರಿಪಲ್ ಕ್ರೌನ್ ಗೆದ್ದ ಸೆಕ್ರೆಟೇರಿಯಟ್ ಎಂಬ ಮಹಾ ಓಟಗಾರನಿಗೆ 1989ರಲ್ಲಿ ದಯಾಮರಣ ಕೊಡಬೇಕಾದದ್ದು ಇದೇ ರೋಗದಿಂದ. ಕಾರಣ ಬಹಳ ಸಲ ಹೊಟ್ಟೆಯ ಕಡೆಯಿಂದ ಬರುತ್ತದೆ. ಧಾನ್ಯದ ಮೂಟೆಗೆ ಬಾಯಿ ಹಾಕಿದ ಕುದುರೆಯ ದೊಡ್ಡ ಕರುಳಿನಲ್ಲಿ ಪಿಷ್ಟ ಹುಳಿತು, ಅದರ ಪರಿಣಾಮ ಕಾಲಿಗೆ ಇಳಿಯುತ್ತದೆ. ರಕ್ತದಲ್ಲಿ ಇನ್ಸುಲಿನ್ ಏರಿದರೆ ಅಷ್ಟರಿಂದಲೇ ಆರೋಗ್ಯವಂತ ಪೋನಿಗಳಿಗೂ ರೋಗ ಬರುತ್ತದೆ ಎಂದು ಆಸ್ಟ್ರೇಲಿಯಾದ ಸಂಶೋಧಕರು 2007ರಲ್ಲಿ ತೋರಿಸಿಕೊಟ್ಟರು. ಕುದುರೆ ಮುಂಗಾಲನ್ನು ಮುಂದಕ್ಕೆ ಚಾಚಿ ಹಿಂದಕ್ಕೆ ಜೋಲಿ ನಿಂತಿದೆಯೇ, ಗೊರಸು ಮುಟ್ಟಿದರೆ ಬಿಸಿಯಿದೆಯೇ? ವೈದ್ಯರನ್ನು ಆಗಲೇ ಕರೆಯಬೇಕು, ನಾಳೆ ನೋಡೋಣ ಎನ್ನಬಾರದು.

ಉಳಿದದ್ದು ದಿನಚರಿ. ಕೊಕ್ಕೆಯಿಂದ ಅಂಗಾಲಿನ ಸಗಣಿ, ಕಲ್ಲು ತೆಗೆಯಬೇಕು. ಮಧ್ಯದ ಮುಕ್ಕೋನದ ಮೆತ್ತೆಯ ಪಕ್ಕದ ಗೆರೆಗಳಲ್ಲಿ ಕಪ್ಪು ಕೀವು, ಕೊಳೆತ ವಾಸನೆ ಇದ್ದರೆ ಅದು ಥ್ರಶ್. ಮಳೆಗಾಲದ ಒದ್ದೆ ಲಾಯದ ಕಾಯಿಲೆ. 6ರಿಂದ 8 ವಾರಕ್ಕೊಮ್ಮೆ ಗೊರಸನ್ನು ಕತ್ತರಿಸಿ ಅರ ಹಾಕಬೇಕು. ಮೈಸೂರಿನ ಟಾಂಗಾ ಕುದುರೆಯಂತೆ ಡಾಂಬರಿನ ಮೇಲೆ ಓಡುವುದಾದರೆ ಬೆಳೆಯುವುದಕ್ಕಿಂತ ಸವೆಯುವುದೇ ಹೆಚ್ಚು, ಲಾಳ ಬೇಕೇ ಬೇಕು. ಮೊಳೆ ಹೋಗುವುದು ಹೊರಗೋಡೆಯ ಜೀವವಿಲ್ಲದ ಭಾಗದಲ್ಲಿ, ಸರಿಯಾಗಿ ಹೊಡೆದರೆ ನೋವಿಲ್ಲ.

ಇದೆಲ್ಲ ನಡೆಯಬೇಕಾದರೆ ಮೊದಲು ಕಾಲು ಕೈಗೆ ಸಿಗಬೇಕಲ್ಲ! ಓಡಿ ಬದುಕುವ ಪ್ರಾಣಿಗೆ ಕಾಲು ಒಪ್ಪಿಸುವುದೆಂದರೆ ಪ್ರಾಣ ಒಪ್ಪಿಸಿದ ಹಾಗೆ. ಅದಕ್ಕೇ ನೆಲದ ಪಾಠ, ಅಂದರೆ ಬೆನ್ನೇರುವ ಮೊದಲು ಪಕ್ಕದಲ್ಲಿ ನಿಂತು ಕಲಿಸುವುದು. ನಡೆ, ನಿಲ್ಲು, ಹಿಂದೆ ಸರಿ, ಹಿಂಭಾಗ ಪಕ್ಕಕ್ಕೆ ಜರುಗಿಸು ಎನ್ನುವುದೆಲ್ಲ ಒಂದೇ ಸೂತ್ರದ ಮೇಲೆ ನಿಂತಿವೆ: ಸಣ್ಣ ಒತ್ತಡ ಕೊಡು, ಸರಿಯಾದ ಉತ್ತರ ಬಂದ ಕ್ಷಣವೇ ಬಿಡು. ಕುದುರೆ ಕಲಿಯುವುದು ಬಿಡುವುದರಿಂದ. ಕೈಯನ್ನು ಹೆಗಲಿನಿಂದ ಕೆಳಕ್ಕೆ ಜಾರಿಸಿ, ಮೊಣಕಾಲಿನ ಕೆಳಗಿನ ಸ್ನಾಯುರಜ್ಜುವನ್ನು ಮೆಲ್ಲಗೆ ಹಿಂಡಿ. ಭಾರ ಬೇರೆ ಕಾಲಿಗೆ ಬದಲಾದರೂ ಸಾಕು, ಕೈ ತೆಗೆಯಿರಿ. ಮುಂದಿನ ಸಲ ಗೊರಸು ಮೇಲೇಳುತ್ತದೆ. ಎರಡು ಸೆಕೆಂಡು ಹಿಡಿದು ನೀವೇ ಕೆಳಗಿಡಿ. ಕೊಸರಾಡಿದಾಗ ಕೈಬಿಟ್ಟಿರೋ, ಕೊಸರಾಡಿದರೆ ಬಿಡುಗಡೆ ಎಂಬ ಪಾಠವನ್ನು ನೀವೇ ಕಲಿಸಿದಂತಾಯಿತು. ಸುಲಭವಾಗಿ ಕಾಲು ಕೊಡುತ್ತಿದ್ದ ಕುದುರೆ ಇದ್ದಕ್ಕಿದ್ದಂತೆ ನಿರಾಕರಿಸಿದರೆ ಹಟವೆಂದು ಬೈಯಬೇಡಿ. ಮೂರು ಕಾಲಿನ ಮೇಲೆ ನಿಲ್ಲಲು ಅದಕ್ಕೆ ಎಲ್ಲೋ ನೋಯುತ್ತಿರಬಹುದು.

ಇದನ್ನೇ ಮಂದೆಯ ಭಾಷೆ, ನಾಯಕತ್ವ ಎಂದೆಲ್ಲ ಬಣ್ಣಿಸುವವರಿದ್ದಾರೆ. ದುಂಡು ಆವರಣದಲ್ಲಿ ಕುದುರೆಯನ್ನು ಓಡಿಸಿ, ಅದು ತಾನಾಗಿ ಬಳಿ ಬರುವಂತೆ ಮಾಡುವ ಅಮೆರಿಕದ ಮಾಂಟಿ ರಾಬರ್ಟ್ಸ್ ಅವರ ವಿಧಾನ ಲೋಕಪ್ರಸಿದ್ಧ. ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು ಮನುಷ್ಯನ ಬದಲು ರಿಮೋಟ್‌ನಿಂದ ಓಡುವ ಆಟಿಕೆ ಕಾರನ್ನು ಬಳಸಿ 2012ರಲ್ಲಿ ಫಲಿತಾಂಶ ಮುಂದಿಟ್ಟರು. ಕುದುರೆಗಳು ಕಾರಿನ ಬಳಿಗೂ ಬಂದವು! ಕಾರಿಗೆ ಮಂದೆಯ ಭಾಷೆ ಬರುವುದಿಲ್ಲ. ಅಟ್ಟುವುದನ್ನು ಯಾವಾಗ ನಿಲ್ಲಿಸಬೇಕೆಂದು ಅದನ್ನು ನಡೆಸುವವರಿಗೆ ಗೊತ್ತಿತ್ತು, ಅಷ್ಟೆ.

ಹಾಗೆಂದು ಮನುಷ್ಯನ ಮನಸ್ಥಿತಿ ಲೆಕ್ಕಕ್ಕಿಲ್ಲವೆಂದಲ್ಲ. ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 28 ಕುದುರೆಗಳಿಗೆ ಅಪರಿಚಿತರ ಮುಖದ ಚಿತ್ರ ತೋರಿಸಿದರು. ಸಿಟ್ಟಿನ ಮುಖ ಕಂಡಾಗ ಅವು ಎಡಗಣ್ಣಿನಿಂದ ನೋಡುವುದು ಹೆಚ್ಚಿತು, ಎದೆಬಡಿತ ಬೇಗ ಏರಿತು. ಕುತ್ತಿಗೆಯ ಬುಡದಲ್ಲಿ, ಕುದುರೆಗಳು ಪರಸ್ಪರ ಹಲ್ಲಿನಿಂದ ಕೆರೆದುಕೊಳ್ಳುವ ಜಾಗದಲ್ಲಿ ಕೈಯಾಡಿಸಿದರೆ ಎದೆಬಡಿತ ಇಳಿಯುತ್ತದೆ ಎಂಬುದೂ 1993ರಷ್ಟು ಹಿಂದೆಯೇ ದಾಖಲಾಗಿದೆ. ಶಹಬ್ಬಾಸ್ ಎಂದು ಪಟಪಟ ಬಡಿಯುವ ಬದಲು ಅಲ್ಲಿ ಕೆರೆಯುವುದು ಮೇಲು.

ಮಕ್ಕಳನ್ನು ಕುದುರೆ ಸವಾರಿ ಶಾಲೆಗೆ ಸೇರಿಸುವ ಯೋಚನೆ ನಿಮಗಿದ್ದರೆ, ಹೊಳೆಯುವ ಜೀನು ನೋಡಿ ಮರುಳಾಗಬೇಡಿ. ಕುದುರೆಯ ನಾಲ್ಕೂ ಕಾಲು ಎತ್ತಿ ತೋರಿಸಲು ಅಲ್ಲಿಯ ಕುದುರೆಗಾರನನ್ನು ಕೇಳಿ. ಗದರದೆ, ಎಳೆದಾಡದೆ ಕಾಲು ಸಿಕ್ಕಿ, ಅಂಗಾಲು ವಾಸನೆಯಿಲ್ಲದೆ ಒಣಗಿದ್ದರೆ ಶುಲ್ಕ ಕಟ್ಟಿ.