ಪುಸ್ತಕದಂಗಡಿಯಲ್ಲಿ ಪತ್ತೇದಾರಿ

ಪತ್ತೇದಾರಿ ಕಾದಂಬರಿಗಳಲ್ಲಿ ಸೌಮ್ಯವಾದ ಒಂದು ಪಂಗಡವುಂಟು. ಅಲ್ಲಿ ರಕ್ತಪಾತದ ವರ್ಣನೆಗೆ ಎಡೆ ಕಡಮೆ. ಬುದ್ಧಿಯ ಚಾತುರ್ಯಕ್ಕೇ ಪ್ರಾಧಾನ್ಯ. ಇಂತಹ ಕಥೆಗಳಿಗೆ ಪುಸ್ತಕದಂಗಡಿ ಬಹಳ ಮೆಚ್ಚಿನ ರಂಗಸ್ಥಳ. ಅಮೆರಿಕದ ಕ್ರಿಸ್ಟೊಫರ್ ಮಾರ್ಲೆ 1919ರಲ್ಲಿ ಪ್ರಕಟಿಸಿದ ‘ದಿ ಹಾಂಟೆಡ್ ಬುಕ್‌ಷಾಪ್’ ಕಾದಂಬರಿಯಲ್ಲಿ, ಬ್ರೂಕ್ಲಿನ್ನಿನ ಹಳೆಯ ಪುಸ್ತಕದಂಗಡಿಯೊಂದರಿಂದ ಕಾರ್ಲೈಲನ ಗ್ರಂಥವೊಂದು ಮಾಯವಾಗುತ್ತದೆ, ಮರಳಿ ಬರುತ್ತದೆ, ಮತ್ತೆ ಮಾಯವಾಗುತ್ತದೆ. ಕಾರಣ ತಿಳಿಯುವವರೆಗೆ ನಮಗೆ ಸಮಾಧಾನವಿಲ್ಲ.

ಈ ಆಕರ್ಷಣೆಯ ಮೂಲವೇನು? ಸುಳಿವುಗಳೆಲ್ಲ ನಮ್ಮ ಕಣ್ಣೆದುರಿಗೇ ಇರುತ್ತವೆ. ಅವುಗಳನ್ನು ಜೋಡಿಸುವುದಷ್ಟೇ ಉಳಿದ ಕೆಲಸ. ವಿಜ್ಞಾನಿಯು ಮಾಡುವುದೂ ಇದನ್ನೇ ಅಲ್ಲವೆ? ಪುಸ್ತಕ ವ್ಯಾಪಾರಿಗಳೇ ಪತ್ತೇದಾರರಾಗಿ, ವಿಜ್ಞಾನವೇ ಅವರಿಗೆ ನೆರವಾದ ನಿಜ ಘಟನೆಯೊಂದು ಲಂಡನ್ನಿನಲ್ಲಿ ನಡೆದಿದೆ.

ಕವಯಿತ್ರಿ ಎಲಿಜಬೆತ್ ಬ್ಯಾರೆಟ್ ಬ್ರೌನಿಂಗಳ ಪ್ರಸಿದ್ಧ ಸಾನೆಟ್ಟುಗಳು 1850ರಲ್ಲಿ ಪ್ರಕಟವಾದುವು. ಆದರೆ ಅವು 1847ರಲ್ಲಿಯೇ ರೆಡಿಂಗ್ ಪಟ್ಟಣದಲ್ಲಿ ಖಾಸಗಿಯಾಗಿ ಅಚ್ಚಾಗಿದ್ದುವೆಂದು ಸಾರುವ ಕಿರುಹೊತ್ತಗೆಯೊಂದನ್ನು ಸಂಗ್ರಾಹಕರು ಭಾರಿ ಬೆಲೆ ತೆತ್ತು ಕೊಳ್ಳುತ್ತಿದ್ದರು. ತರುಣ ವ್ಯಾಪಾರಿಗಳಾದ ಜಾನ್ ಕಾರ್ಟರ್ ಮತ್ತು ಗ್ರಹಾಂ ಪೊಲಾರ್ಡರಿಗೆ ಸಂಶಯ ಹುಟ್ಟಿತು. ಯಾವ ಪ್ರತಿಯಲ್ಲಿಯೂ ಕವಯಿತ್ರಿ ಗೆಳೆಯರಿಗೆ ಬರೆದುಕೊಟ್ಟ ಒಂದು ಸಾಲೂ ಇಲ್ಲವೇಕೆ?

ಅವರು ಕಾಗದವನ್ನು ಪರೀಕ್ಷೆಗೆ ಒಡ್ಡಿದರು. ಹಿಂದೆ ಇಂಗ್ಲೆಂಡಿನಲ್ಲಿ ಕಾಗದವನ್ನು ಹತ್ತಿ ಮತ್ತು ನಾರುಬಟ್ಟೆಯ ಚಿಂದಿಗಳಿಂದ ತಯಾರಿಸುತ್ತಿದ್ದರು. 1861ರಿಂದ ಎಸ್ಪಾರ್ಟೊ ಹುಲ್ಲೂ, 1874ರಿಂದ ರಾಸಾಯನಿಕವಾಗಿ ಸಂಸ್ಕರಿಸಿದ ಮರದ ತಿರುಳೂ ಬಳಕೆಗೆ ಬಂದುವು. ಒಂದೊಂದರ ಎಳೆಯ ಆಕಾರವೂ ಬೇರೆಯಾದುದರಿಂದ ಸೂಕ್ಷ್ಮದರ್ಶಕವು ಅವುಗಳನ್ನು ಗುರುತಿಸಬಲ್ಲುದು. ‘1847’ರ ಹೊತ್ತಗೆಯಲ್ಲಿ ಕಂಡುದು ಮರದ ತಿರುಳಿನ ಎಳೆ!

ಎರಡನೆಯ ಸಾಕ್ಷಿ ಅಚ್ಚುಮೊಳೆ. ಇಂಗ್ಲಿಷಿನ ‘ಎಫ್’ ಅಕ್ಷರದ ಬಾಗಿದ ತುದಿ ಹಿಂದೆ ಮೊಳೆಯ ಅಂಚಿನಿಂದ ಹೊರಕ್ಕೆ ಚಾಚಿದ್ದು, ಸುಲಭವಾಗಿ ಮುರಿಯುತ್ತಿತ್ತು. ಈ ಹೊತ್ತಗೆಯ ಮೊಳೆಯಲ್ಲಿ ಆ ದೋಷವನ್ನು ತಿದ್ದಲಾಗಿತ್ತು. ಅಂತಹ ಮೊಳೆ 1880ಕ್ಕಿಂತ ಹಿಂದೆ ಇರಲಿಲ್ಲ.

ಹೀಗೆ ಸುಮಾರು 50 ಹೊತ್ತಗೆಗಳನ್ನು ಶೋಧಿಸಿದ ಗೆಳೆಯರು 1934ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಬಹುಪಾಲು ಖೋಟಾ ಆಗಿದ್ದುವು. ಸಾಕ್ಷ್ಯಗಳೆಲ್ಲ ತೋರಿದುದು ಥಾಮಸ್ ಜೆ. ವೈಸ್ ಎಂಬಾತನ ಕಡೆಗೆ. ಈತ ಸಾಮಾನ್ಯನಲ್ಲ; ಗ್ರಂಥಸೂಚಿಗಳ ರಚನೆಯಲ್ಲಿ ದೇಶವೇ ಪ್ರಮಾಣವೆಂದು ಒಪ್ಪಿದ್ದ ವಿದ್ವಾಂಸ. ಕೊಳ್ಳುವವರು ನಂಬಿದ್ದುದು ಈತನ ಮಾತನ್ನೇ. ತಪ್ಪನ್ನು ಒಪ್ಪಿಕೊಳ್ಳದೆಯೇ ಆತ 1937ರಲ್ಲಿ ತೀರಿಕೊಂಡನು.

ಪುಸ್ತಕದಂಗಡಿಯ ರಹಸ್ಯಕಥೆಗಳು ನಮ್ಮನ್ನು ಸೆಳೆಯುವುದೇಕೆಂಬುದು ಈಗ ಸ್ಪಷ್ಟವಾಗುತ್ತದೆ. ಕಥೆಯಲ್ಲಾಗಲಿ ಬಾಳಿನಲ್ಲಾಗಲಿ, ಎಷ್ಟೇ ದೊಡ್ಡ ಹೆಸರಾದರೂ ಕಣ್ಣಿಗೆ ಕಾಣದ ಎಳೆಯೊಂದರ ಸಾಕ್ಷ್ಯಕ್ಕೆ ತಲೆಬಾಗಲೇಬೇಕು. ಆ ಎಳೆಯನ್ನು ಹುಡುಕುವ ಸಾಮರ್ಥ್ಯ, ತಾಳ್ಮೆಯಿರುವ ಯಾವ ಓದುಗನಿಗೂ ಉಂಟು.